ಕೋವಿಡ್‌ನಂಥ ದೀರ್ಘ ಬಿಕ್ಕಟ್ಟಿನಲ್ಲಿ ವಾರ್ಡ್ ತಂಡಕ್ಕೆ 6 ಗಂಟೆಯ ಪಾಳಿಯೇ, 12 ಗಂಟೆಯದೇ?

ಮೊದಲು ಜನಬಲದ ಲೆಕ್ಕ. ಸದಾ ನಾಲ್ವರು ನರ್ಸ್‌ಗಳು ಬೇಕಾದ ವಾರ್ಡ್‌ಗೆ ವಾರಕ್ಕೆ 672 ಗಂಟೆ ಕೆಲಸ. ತಲಾ 36 ಗಂಟೆಯಂತೆ 19 ಮಂದಿ. ಆರು ಗಂಟೆಯ ಆರು ಪಾಳಿಯಾಗಲಿ, ಹನ್ನೆರಡರ ಮೂರಾಗಲಿ, ಸಂಖ್ಯೆ ಅಷ್ಟೇ. ರಜೆ, ಸೋಂಕಿಗೆಂದು ಇನ್ನೂ ನಾಲ್ಕೈದು ಮಂದಿ ಇರಲೇಬೇಕು.

ಪಿಪಿಇ (ಸೋಂಕು ತಗಲದಂತೆ ತೊಡುವ ಗೌನು, ಮಾಸ್ಕ್, ಕೈಗವಸುಗಳ ಕಿಟ್) ಉಳಿಯುತ್ತದೆಂದು 12 ಗಂಟೆ ಆರಿಸುವವರಿದ್ದಾರೆ. ಉಳಿಯುವುದಿಲ್ಲ. ಊಟ, ನೀರು, ಶೌಚಕ್ಕೆ ನಡುವೆ ಒಮ್ಮೆ ಕಳಚಲೇಬೇಕು; ದಿನಕ್ಕೆ 16 ಕಿಟ್ ಎರಡರಲ್ಲೂ ಖರ್ಚು. ಆ ಬಿಡುವಿಗೆ ಬದಲಿ ನರ್ಸ್ ಇಡದಿದ್ದರೆ ಬಿಡುವೇ ಸಿಗದು. ದಣಿದವರು ಕಳಚುವಾಗ ಎಡವುತ್ತಾರೆ: ಗೌನಿನ ಹೊರಮೈ ಮುಟ್ಟುತ್ತಾರೆ, ಕೈ ತೊಳೆಯದೆ ಮಾಸ್ಕ್‌ಗೆ ಕೈಹಾಕುತ್ತಾರೆ. ಇಲ್ಲಿ 6 ಗಂಟೆಯೇ ಸುರಕ್ಷಿತ.

ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹಸ್ತಾಂತರದಲ್ಲಿ ತಕ್ಕಡಿ ತಿರುಗುತ್ತದೆ. ದಿನಕ್ಕೆ ಎರಡರ ಬದಲು ನಾಲ್ಕು ಬಾರಿಯಾದರೆ ಆಮ್ಲಜನಕದ ಪ್ರಮಾಣ, ಮುಂದಿನ ಡೋಸ್‌ನ ಸಮಯ ತಪ್ಪಿಹೋಗುವ ಸಂದರ್ಭ ಹೆಚ್ಚು. ಹಾಸಿಗೆವಾರು ಒಂದೇ ಹಾಳೆ ಬರೆದಿಡಿ, ಬಾಯಿಮಾತು ಸಾಲದು.

ಬೆಳಗಿನ 8ಕ್ಕೆ ಶುರುವಾದರೆ 6 ಗಂಟೆಯ ಒಂದು ಪಾಳಿ ರಾತ್ರಿ 2ಕ್ಕೆ ಬದಲಾಗುತ್ತದೆ. ಹತ್ತಿರ ವಸತಿ ಅಥವಾ ಆಸ್ಪತ್ರೆಯ ವಾಹನ ಇದ್ದರೆ ಐಸಿಯುಗೆ ಇದನ್ನೇ ಹಿಡಿಯಿರಿ. ಸಿಬ್ಬಂದಿ ದೂರದ ಹಳ್ಳಿಗಳಿಂದ ಬರುವ ತಾಲ್ಲೂಕು ಆಸ್ಪತ್ರೆಗೆ, ಪೂರ್ತಿ ಪಿಪಿಇ ಬೇಡದ ವಾರ್ಡ್‌ಗೆ 12 ಗಂಟೆ ಒಗ್ಗುತ್ತದೆ, ಸತತ ಮೂರು ರಾತ್ರಿ ಮೀರದಿದ್ದರೆ.