ಪಿಇಟಿ ಫೆಲ್ಟ್ ಪ್ಯಾನೆಲ್: ಪಿನ್ ಬೋರ್ಡ್ ಆಗಿ ಬಹಳ ಇಷ್ಟ, ಸದ್ದಿನ ವಿಷಯದಲ್ಲಿ ಒಂದು ದೂರು

ಹಳೇ ಪ್ಲಾಸ್ಟಿಕ್ ಬಾಟಲಿಗಳಿಂದ ಮಾಡುವ ಪಿಇಟಿ ಫೆಲ್ಟ್ (ಪಾಲಿಯೆಸ್ಟರ್ ನಾರುಗಳನ್ನು ಒತ್ತಿ ಮಾಡಿದ ಹಾಳೆ) ಪ್ಯಾನೆಲ್‌ಗಳನ್ನು ಕೆಲಸದ ಕೋಣೆಯ ಒಂದು ಗೋಡೆಗೆ ಹಾಕಿಸಿ ಕೆಲವು ವರ್ಷ ಆಯಿತು. ಹಾಕಿಸಿದ್ದು ಕೋಣೆಯ ಗುಂಯ್‌ಗುಟ್ಟುವಿಕೆ ತಗ್ಗಲಿ ಎಂದು. ಆದರೆ ದಿನಾ ಖುಷಿ ಕೊಡುತ್ತಿರುವುದು ಅದರ ಇನ್ನೊಂದು ಗುಣ: ಎಲ್ಲಿ ಬೇಕಾದರೂ ಪಿನ್ ಚುಚ್ಚಬಹುದು.

ಬೆಳಿಗ್ಗೆ ಕುಳಿತ ಕೂಡಲೇ ಆ ದಿನದ ಚೀಟಿಗಳನ್ನು ಎಡಗಡೆ ಚುಚ್ಚುತ್ತೇನೆ. ಒಂದೊಂದು ಕೆಲಸ ಮುಗಿದಂತೆ ಚೀಟಿ ಬಲಕ್ಕೆ ಹೋಗುತ್ತದೆ. ಸಂಜೆ ಬಲಗಡೆಯ ಚೀಟಿಗಳನ್ನೆಲ್ಲ ಕಿತ್ತು, ಪಿನ್ನುಗಳನ್ನು ಒಂದು ಮೂಲೆಯಲ್ಲಿ ಸಾಲಾಗಿ ಚುಚ್ಚಿ ಏಳುತ್ತೇನೆ. ಪಿನ್ ತೆಗೆದ ಜಾಗವನ್ನು ಹೆಬ್ಬೆರಳಿನಿಂದ ಸ್ವಲ್ಪ ಉಜ್ಜಿದರೆ ಸಾಕು, ನಾರುಗಳು ಮತ್ತೆ ಕೂಡಿಕೊಂಡು ತೂತು ಮಾಯ. ಇಷ್ಟು ಸಲ ಚುಚ್ಚಿದರೂ ಗೋಡೆ ಇನ್ನೂ ಹೊಸದರಂತಿದೆ. ನೇರವಾಗಿ ಚುಚ್ಚಬೇಡಿ, ಸ್ವಲ್ಪ ಕೆಳಮುಖವಾಗಿ ಓರೆ ಮಾಡಿ. ಹಾಗೆ ಚುಚ್ಚಿದರೆ ಹಿಡಿತ ಜಾಸ್ತಿ. ದಪ್ಪ ಕ್ಯಾಲೆಂಡರ್ ಮಾತ್ರ ನಿಲ್ಲುವುದಿಲ್ಲ.

ಸದ್ದೂ ತಗ್ಗಿತು, ಅದರಲ್ಲಿ ಎರಡು ಮಾತಿಲ್ಲ. ಮೊದಲು ಚಪ್ಪಾಳೆ ತಟ್ಟಿದರೆ ಟಣ್ ಎಂದು ಮರುದನಿ ಬರುತ್ತಿತ್ತು, ಈಗ ಇಲ್ಲ. ಫೋನಿನ ಆ ಕಡೆಯವರು "ಏನಂದ್ರಿ?" ಎಂದು ಮತ್ತೆ ಮತ್ತೆ ಕೇಳುವುದು ನಿಂತಿದೆ. ನಾನೂ ದನಿ ಏರಿಸಬೇಕಾಗಿಲ್ಲ. ಸದ್ದು ಎಂದರೆ ಗಾಳಿಯ ಅಲುಗಾಟ. ಅದು ನಾರುಗಳ ನಡುವೆ ಉಜ್ಜಿಕೊಂಡು ಶಾಖವಾಗುವಂತೆ ಮಾಡುವುದೇ ಫೆಲ್ಟಿನ ಕೆಲಸ. ಆ ಶಾಖ ತೀರಾ ಕಡಿಮೆ, ಕೈಗೆ ತಿಳಿಯುವಂಥದ್ದಲ್ಲ.

ಇನ್ನು ದೂರಿಗೆ ಬರುತ್ತೇನೆ. ದಪ್ಪ ದನಿಯವರು ಯಾರಾದರೂ ಕೋಣೆಯಲ್ಲಿ ಮಾತಾಡಿದರೆ ಆ ಗುಂಯ್ ಈಗಲೂ ಇದೆ. ಸ್ಪೀಕರಿನ ಬೇಸ್ ಕೂಡ ಹಾಗೇ ತುಂಬಿಕೊಳ್ಳುತ್ತದೆ. ಕ್ಯಾಟಲಾಗಿನಲ್ಲಿ ಎನ್‌ಆರ್‌ಸಿ ಅಂಕಿ (ಸದ್ದನ್ನು ಎಷ್ಟು ಹೀರುತ್ತದೆ ಎಂಬ ಅಳತೆ) ಅಷ್ಟು ಚೆನ್ನಾಗಿದ್ದರೂ ಹೀಗೇಕೆ ಎಂದು ನೋಡಿದರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಕಾರಣ ಇತ್ತು. ಪ್ಯಾನೆಲ್ ಹಿಂದೆ ಖಾಲಿ ಜಾಗ ಬಿಟ್ಟು ಅಳೆದ ಅಂಕಿ ಅದು! ಹಾಕಲು ಬಂದವರು ನನ್ನ ಗೋಡೆಗೆ ನೇರವಾಗಿ ಅಂಟು ಹಚ್ಚಿ ಒತ್ತಿಬಿಟ್ಟರು. ಜಾಗ ಬಿಡಬೇಕಾ ಎಂದು ಮಾರಿದವರೂ ಕೇಳಲಿಲ್ಲ, ಅಂಟಿಸಿದವರೂ ಕೇಳಲಿಲ್ಲ. ನನಗೆ ಕೋಪ ಬಂದಿದ್ದು ಇಲ್ಲೇ. ಅಂಕಿ ತೋರಿಸಿ ಮಾರಿದ ಮೇಲೆ ಆ ಅಂಕಿ ಬರುವ ಹಾಗೆ ಹಾಕಿಕೊಡಬೇಕು, ಅಲ್ವಾ?

ಜಾಗ ಏಕೆ ಬೇಕು ಎಂದರೆ, ಗೋಡೆಗೆ ತೀರಾ ಹತ್ತಿರ ಗಾಳಿ ಅಲುಗಾಡುವುದೇ ಇಲ್ಲ. ಅಲುಗಾಡದ ಗಾಳಿ ನಾರಿಗೆ ಉಜ್ಜುವುದು ಹೇಗೆ? ಅಲುಗಾಟ ಅತಿ ಜಾಸ್ತಿ ಇರುವುದು ಗೋಡೆಯಿಂದ ಸದ್ದಿನ ಅಲೆಯ ಉದ್ದದ ಕಾಲು ಭಾಗದಷ್ಟು ದೂರದಲ್ಲಿ. (ಹರ್ಟ್ಸ್ ಎಂದರೆ ಸದ್ದಿನ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಅದು ಕಡಿಮೆಯಾದಷ್ಟು ಸದ್ದು ದಪ್ಪ.) 1000 ಹರ್ಟ್ಸ್ ಸದ್ದಿಗೆ ಆ ದೂರ ಸುಮಾರು 8.5 ಸೆಂ.ಮೀ. 100 ಹರ್ಟ್ಸ್‌ಗೆ 85 ಸೆಂ.ಮೀ. ಗೋಡೆಗೆ ಅಂಟಿದ 12 ಮಿ.ಮೀ. ಫೆಲ್ಟ್‌ಗೆ ಚೂಪು ಸದ್ದು ಸಿಗುತ್ತದೆ, ದಪ್ಪ ಸದ್ದು ಸಿಗುವುದಿಲ್ಲ. ಇನ್ನೊಂದು ವಿಷಯ, ಎನ್‌ಆರ್‌ಸಿ ಎಂದರೆ 250, 500, 1000, 2000 ಹರ್ಟ್ಸ್ ಈ ನಾಲ್ಕು ಕಡೆ ಸದ್ದು ಹೀರಿದ ಪ್ರಮಾಣದ ಸರಾಸರಿ ಅಷ್ಟೇ. 250ಕ್ಕಿಂತ ಕೆಳಗೆ ಏನಾಗುತ್ತದೆ ಎಂದು ಆ ಅಂಕಿ ಹೇಳುವುದೇ ಇಲ್ಲ. ಆವರ್ತನಕ್ಕೊಂದರಂತೆ ಅಂಕಿ ಕೊಟ್ಟಿರುವ ಪಟ್ಟಿಯನ್ನು ಕೇಳಿ ಪಡೆಯಿರಿ. ಹೇಗೆ ಕೂರಿಸಿ ಅಳೆದರು ಎಂಬುದೂ ಅದರಲ್ಲಿ ಇರಬೇಕು.

ಸದ್ದು ಹೀರುವುದನ್ನು ಅಳೆಯುವ ಈ ಲೆಕ್ಕದ ಬೇರು ಹಳೆಯದು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಸಭಾಂಗಣದಲ್ಲಿ ಪಾಠ ಅರ್ಥವೇ ಆಗುತ್ತಿರಲಿಲ್ಲ. ಆಡಿದ ಮಾತು ಸುಮಾರು 5.5 ಸೆಕೆಂಡು ಮೊಳಗುತ್ತಿತ್ತು. ವಾಲೇಸ್ ಸೇಬಿನ್ ಎಂಬ ಅಧ್ಯಾಪಕರು ರಾತ್ರಿ ಹೊತ್ತು ಸ್ಯಾಂಡರ್ಸ್ ಥಿಯೇಟರಿನ ಆಸನದ ಮೆತ್ತೆಗಳನ್ನು ತರಿಸಿ ಹಾಸಿ, ಸದ್ದು ಎಷ್ಟು ಬೇಗ ಆರುತ್ತದೆ ಎಂದು ಅಳೆದರು. ಅವರ ಅಳತೆಗೋಲು ತೆರೆದ ಕಿಟಕಿ. ಕಿಟಕಿಯಿಂದ ಹೊರಹೋದ ಸದ್ದು ವಾಪಸ್ ಬರುವುದಿಲ್ಲವಲ್ಲ. ಪ್ಯಾನೆಲ್ ಕೊಳ್ಳುವಾಗ ನನಗೆ ಈಗಲೂ ಇದೇ ಸುಲಭದ ಲೆಕ್ಕ: ಇಷ್ಟು ಫೆಲ್ಟ್ ಎಷ್ಟು ಅಗಲದ ಕಿಟಕಿ ತೆರೆದಿಟ್ಟಂತೆ?

ಆಮೇಲೆ ಎದುರು ಗೋಡೆಗೆ ಹಾಕಿಸುವಾಗ ನಾನೇ ನಿಂತು ಮರದ ಪಟ್ಟಿ ಹೊಡೆಸಿದೆ, ಹಿಂದೆ 5 ಸೆಂ.ಮೀ. ಜಾಗ ಬಿಡಿಸಿದೆ. ಮರದ ಕೆಲಸಕ್ಕೂ ದುಡ್ಡು ಬೇಕಿತ್ತು, ಹಾಗಾಗಿ ಅರ್ಧ ಗೋಡೆಗಷ್ಟೇ ಪ್ಯಾನೆಲ್ ತಗೊಂಡೆ. ಅರ್ಧವಾದರೂ ವ್ಯತ್ಯಾಸ ಕಿವಿಗೆ ಚೆನ್ನಾಗಿ ಗೊತ್ತಾಯಿತು. ಗಂಡಸರ ದನಿ ಈಗ ಕೋಣೆಯಲ್ಲಿ ಉರುಳಾಡುವುದಿಲ್ಲ. ತೀರಾ ಕೆಳಗಿನ ಬೇಸ್ ಮಾತ್ರ ಉಳಿದಿದೆ. ಅದಕ್ಕೆ ಇಷ್ಟು ತೆಳು ಸಾಮಾನು ಸಾಲದು. ಬಜೆಟ್ ಬಿಗಿ ಇದ್ದರೆ ಪ್ಯಾನೆಲ್ ಕಡಿಮೆ ಮಾಡಿ, ಜಾಗವನ್ನು ಕಡಿಮೆ ಮಾಡಬೇಡಿ. ಪಟ್ಟಿ ಮೇಲೆ ಸ್ಕ್ರೂ ಹಾಕಿದ್ದರೆ ನಾಳೆ ಬಿಚ್ಚಿ ಬೇರೆ ಕಡೆಯೂ ಹಾಕಬಹುದು. ಅಂಟಿಸಿದ್ದನ್ನು ಕಿತ್ತರೆ ಗೋಡೆಯ ಬಣ್ಣವೂ ಜೊತೆಗೇ ಬರುತ್ತದೆ, ಅಂಟು ಮೆತ್ತಿದ ಫೆಲ್ಟನ್ನು ಮರುಬಳಕೆಗೆ ಕಳಿಸುವುದೂ ಕಷ್ಟ. ಬಾಟಲಿಯಿಂದ ಬಂದದ್ದು ಎಂಬ ಕಾರಣಕ್ಕೇ ಕೊಂಡವರಿಗೆ ಇದು ಬೇಜಾರಿನ ವಿಷಯ.

ಪಕ್ಕದ ಕೋಣೆಯ ಸದ್ದು ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸದ್ದು ತಡೆಯಲು ಭಾರ ಬೇಕು, ಸಂದಿಗಳು ಮುಚ್ಚಿರಬೇಕು. ಫೆಲ್ಟ್ ಹಗುರ.

ದೂಳು ಕೂರುತ್ತದೆ, ಅದರಲ್ಲೂ ಒಣ ದಿನಗಳಲ್ಲಿ ಸ್ಟಾಟಿಕ್‌ನಿಂದ ಜಾಸ್ತಿ. ವ್ಯಾಕ್ಯೂಮಿನ ಮೃದು ಬ್ರಷ್ ಆಡಿಸಿದರೆ ಹೋಗುತ್ತದೆ. ಪಾಲಿಯೆಸ್ಟರ್ ನೀರು ಹೀರುವುದು ತೀರಾ ಕಡಿಮೆ, ಹಾಗಾಗಿ ತೇವಕ್ಕೆ ಉಬ್ಬಿಲ್ಲ. ಆದರೆ ಬಿಸಿಗೆ ಕರಗುವ ವಸ್ತು ಇದು. ಒಲೆ, ಹೀಟರ್ ಹತ್ತಿರ ಬೇಡ. ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ನೀವು ಕೊಳ್ಳುವ ದಪ್ಪಕ್ಕೇ ಇದೆಯಾ ನೋಡಿಕೊಳ್ಳಿ.

ಮುಂದೆ ಮೇಜಿನ ಮೇಲೆ ಎರಡು ಹಾಳೆಗಳನ್ನು ಸೂರಿನಿಂದ ಅಡ್ಡಲಾಗಿ ತೂಗುಹಾಕಿಸುತ್ತೇನೆ. ಹಾಗೆ ತೂಗಿದರೆ ಎರಡು ಮುಖಗಳೂ ತೆರೆದಿರುತ್ತವೆ, ಅಂಟಿನ ಗೊಡವೆಯೂ ಇಲ್ಲ.