ಸಂದರ್ಶನದ ತಾಲೀಮಿಗೆ ಉಚಿತ ಝೂಮ್: ಎಷ್ಟರ ಮಟ್ಟಿಗೆ ಸಾಕು?

ವಿಡಿಯೋ ಸಂದರ್ಶನದ ತಯಾರಿಗೆಂದು ದುಡ್ಡು ಕೊಟ್ಟು ಬಳಸುವ ಆ್ಯಪ್‌ಗಳು ಬೇಕಾದಷ್ಟಿವೆ. ಅವುಗಳ ಮೊರೆ ಹೋಗುವ ಮೊದಲು ಝೂಮ್‌ನ ಉಚಿತ ಖಾತೆಯನ್ನೇ ಸರಿಯಾಗಿ ಬಳಸಿ ನೋಡಬಹುದು. ಒಬ್ಬರೇ ಮೀಟಿಂಗ್ ಶುರು ಮಾಡಿ, ರೆಕಾರ್ಡ್ ಒತ್ತಿ, ಉತ್ತರ ಹೇಳಿ, ಆಮೇಲೆ ನೋಡಿಕೊಳ್ಳುವುದು, ಅಷ್ಟೇ. ಉಚಿತ ಖಾತೆಯ ಮೀಟಿಂಗಿಗೆ ಇರುವ 40 ನಿಮಿಷದ ಮಿತಿ ಇದಕ್ಕೆ ತೊಡಕಲ್ಲ. ಒಂದು ಸಲ ಕೂತರೆ ಐದಾರು ಪ್ರಶ್ನೆ ಮಾಡಿದರೆ ಹೆಚ್ಚು. ಅದಕ್ಕಿಂತ ಮುಂದೆ ಬಾಯಿ ಒಣಗುತ್ತದೆ, ಉತ್ತರವೂ ಒಣಗುತ್ತದೆ.

ಉಚಿತ ಖಾತೆಯಲ್ಲಿ ರೆಕಾರ್ಡಿಂಗ್ ಸಿಗುವುದು ಕಂಪ್ಯೂಟರಿನಲ್ಲಿ ಮಾತ್ರ, ಮೊಬೈಲ್‌ನಲ್ಲಿ ಇಲ್ಲ. ಇನ್ನೊಂದು ವಿಷಯ ಗೊತ್ತಿರಲಿ: ಮೀಟಿಂಗ್ ಮುಗಿಸಿದ ಮೇಲಷ್ಟೇ ಅದು ಫೈಲನ್ನು ನೋಡುವ ರೂಪಕ್ಕೆ ಪರಿವರ್ತಿಸುತ್ತದೆ. 'ಎಂಡ್' ಒತ್ತಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿಟ್ಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಪರಿವರ್ತನೆ ಮುಗಿದಾಗ ಡಾಕ್ಯುಮೆಂಟ್ಸ್ ಒಳಗಿನ ಝೂಮ್ ಫೋಲ್ಡರಿನಲ್ಲಿ ಎರಡು ಫೈಲ್ ಸಿಗುತ್ತವೆ: ಎಂಪಿ4 ವಿಡಿಯೋ ಒಂದು, ಬರೀ ಧ್ವನಿಯ ಎಂ4ಎ ಇನ್ನೊಂದು.

ಎಲ್ಲರೂ ಮೊದಲು ತೆರೆಯುವುದು ವಿಡಿಯೋ. ನಮ್ಮ ಪ್ರಕಾರ ಹೆಚ್ಚು ಬೆಲೆಬಾಳುವುದು ಆ ಧ್ವನಿ ಫೈಲೇ. ವಿಡಿಯೋ ನೋಡುವಾಗ ಗಮನವೆಲ್ಲ ಕೂದಲು, ಕಾಲರ್, ಮುಖಭಾವದ ಮೇಲೆ ಹೋಗುತ್ತದೆ. ಧ್ವನಿ ಮಾತ್ರ ಕೇಳಿದರೆ ಹೇಳಿದ್ದರಲ್ಲಿ ತಿರುಳು ಇದೆಯೋ ಇಲ್ಲವೋ ತಿಳಿಯುತ್ತದೆ. 'ಮುಂದಿನ ಮೂರು ವರ್ಷದಲ್ಲಿ ಎಂಥ ಕೆಲಸದಲ್ಲಿರಬೇಕು ಅಂದುಕೊಂಡಿದ್ದೀರಿ?' ಎಂಬ ಪ್ರಶ್ನೆಗೆ ಎರಡು ನಿಮಿಷ ಮಾತಾಡಿ. ಆಮೇಲೆ ಕೇಳುತ್ತಾ ಹೆಸರಿಟ್ಟು ಹೇಳಿದ್ದನ್ನಷ್ಟೇ ಬರೆದುಕೊಳ್ಳಿ: ಯಾವ ಹುದ್ದೆ, ಯಾವ ಕೌಶಲ, ಇದುವರೆಗೆ ಮಾಡಿದ ಯಾವ ಕೆಲಸ. 'ಬೆಳವಣಿಗೆ ಇರುವ ಒಳ್ಳೆಯ ಸಂಸ್ಥೆಯಲ್ಲಿ ಹೊಸದನ್ನು ಕಲಿಯುವ ಅವಕಾಶ ಬೇಕು' ಎಂಬ ವಾಕ್ಯದಿಂದ ಹಾಳೆಗೆ ಒಂದು ಪದವೂ ಇಳಿಯುವುದಿಲ್ಲ. 'ಈಗ ದಾಸ್ತಾನಿನ ಲೆಕ್ಕ ನೋಡುತ್ತಿದ್ದೇನೆ, ಮುಂದೆ ಖರೀದಿ ಯೋಜನೆ ಮಾಡಬೇಕು, ಅದಕ್ಕಾಗಿ ಬೇಡಿಕೆಯ ಅಂದಾಜು ಹಾಕುವುದನ್ನು ಕಲಿಯುತ್ತಿದ್ದೇನೆ' ಎಂದರೆ ಮೂರು ಇಳಿಯುತ್ತವೆ. ಹಾಳೆ ಖಾಲಿ ಉಳಿದರೆ ಸಮಸ್ಯೆ ಮಾತಿನದ್ದಲ್ಲ, ಗುರಿಯೇ ಇನ್ನೂ ಗಟ್ಟಿಯಾಗಿಲ್ಲ. ಆಗ ಕ್ಯಾಮೆರಾ ಬದಿಗಿಟ್ಟು ಪೆನ್ನು ಹಿಡಿಯುವುದೇ ಸರಿ. ಝೂಮ್ ಇದನ್ನೆಲ್ಲ ತಾನಾಗಿ ಹೇಳುವುದಿಲ್ಲ. ಕನ್ನಡಿ ಹಿಡಿಯುತ್ತದೆ, ತಪ್ಪು ನಾವೇ ಹುಡುಕಬೇಕು.

ಕನ್ನಡಿ ಎಂದಾಗ ಝೂಮ್‌ನ 'ಮಿರರ್ ಮೈ ವಿಡಿಯೋ' ಎಂಬ ಸೆಟ್ಟಿಂಗ್ ನೆನಪಾಗುತ್ತದೆ. ಪರದೆಯ ಮೇಲೆ ನಮಗೆ ಕಾಣುವುದು ಎಡಬಲ ತಿರುಗಿದ ಚಿತ್ರ, ಎದುರಿನವರಿಗೆ ಕಾಣುವುದು ನೇರ ಚಿತ್ರ. ಬೈತಲೆ ಮತ್ತೊಂದು ಬದಿಗೆ ಹೋಯಿತೆಂದು ಗಾಬರಿ ಬೇಡ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಂತೆ ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕಗಳನ್ನಿಡಿ. ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರ್ ಎತ್ತರಿಸಿದರೆ ಸಾಕು. ಕಿಟಕಿ ಎದುರಿಗಿರಲಿ. ಬೆನ್ನ ಹಿಂದಿದ್ದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪು ಮಾಡುತ್ತದೆ, 'ಲೋ ಲೈಟ್' ಆಯ್ಕೆ ಒತ್ತಿದರೂ ಪೂರ್ತಿ ಸರಿಹೋಗುವುದಿಲ್ಲ. ವರ್ಚುವಲ್ ಬ್ಯಾಕ್‌ಗ್ರೌಂಡ್ ನಮಗೆ ಇಷ್ಟವಾಗಿಲ್ಲ: ಕೈ ಆಡಿಸಿದಾಗ ಬೆರಳು ಮಾಯ, ತಲೆ ತಿರುಗಿಸಿದಾಗ ಕಿವಿ ಮಾಯ, ಹಳೆಯ ಲ್ಯಾಪ್‌ಟಾಪ್ ಆದರೆ ಫ್ಯಾನಿನ ಸದ್ದು ಬೇರೆ. ಬರಿಗೋಡೆ ಅದಕ್ಕಿಂತ ಎಷ್ಟೋ ವಾಸಿ.

ಧ್ವನಿಯ ವಿಚಾರದಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಬ್ಲೂಟೂತ್ ಇಯರ್‌ಫೋನ್. ಹಾಡು ಕೇಳುವಾಗ ಚೆನ್ನಾಗಿರುವ ಅದೇ ಸಾಧನ ಮೈಕ್ ಚಾಲೂ ಆದೊಡನೆ ಬಹುಮಟ್ಟಿಗೆ ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ, ದನಿ ಡಬ್ಬದೊಳಗಿಂದ ಬಂದಂತಾಗುತ್ತದೆ. ತಂತಿಯ ಇಯರ್‌ಫೋನ್ ಸಾಧಾರಣದ್ದಾದರೂ ಮೇಲು. ಎರಡನೆಯದು ಹಿನ್ನೆಲೆ ಸದ್ದು ಅಡಗಿಸುವ ಸೆಟ್ಟಿಂಗ್. ಅದನ್ನು 'ಹೈ'ಗೆ ಇಟ್ಟರೆ ಮೆಲ್ಲಗೆ ಆಡಿದ ಮಾತೂ ಕತ್ತರಿಸಿಹೋಗಬಹುದು. ಕನ್ನಡದಲ್ಲಿ ಉತ್ತರಿಸುವವರಿಗೆ ಇದು ಇನ್ನೂ ದುಬಾರಿ, ಯಾಕೆಂದರೆ ನಮ್ಮ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, ದನಿ ಇಳಿಯುವುದೂ ಅಲ್ಲೇ. 'ಮಾಡಿದ್ದೇನೆ' ಎಂದಿರೋ 'ಮಾಡಿಲ್ಲ' ಎಂದಿರೋ ಕೇಳಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ. 'ಲೋ' ಇಟ್ಟು, ಕೋಣೆಯ ಫ್ಯಾನ್ ಆರಿಸಿ.

ಈ ತಾಲೀಮಿನ ದೊಡ್ಡ ಕೊರತೆ ನೆಟ್‌ವರ್ಕಿನದ್ದು. ಒಬ್ಬರೇ ಇದ್ದಾಗ ನಿಮ್ಮ ಚಿತ್ರ ನಿಮ್ಮದೇ ಯಂತ್ರದಲ್ಲಿ ದಾಖಲಾಗುತ್ತದೆ. ಇಂಟರ್ನೆಟ್ ತಡವರಿಸಿದ್ದು ಅದರಲ್ಲಿ ಗೊತ್ತಾಗುವುದೇ ಇಲ್ಲ. ರೆಕಾರ್ಡಿಂಗ್ ನುಣುಪಾಗಿದೆ ಎಂದು ನಂಬಿ ಹೋದವರು ಸಂದರ್ಶನದ ದಿನ ಸಿಕ್ಕಿಕೊಳ್ಳುವುದು ಇಲ್ಲೇ. ಪರಿಹಾರ ಸುಲಭ: ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದರಿಂದಲೇ ಅದೇ ಮೀಟಿಂಗಿಗೆ ಎರಡನೆಯವರಾಗಿ ಸೇರಿ, ಅದರಲ್ಲಿ ನೀವು ಹೇಗೆ ಕಾಣುತ್ತೀರಿ ನೋಡಿ. ಫೋನಿನಲ್ಲಿ ಆಡಿಯೋಗೆ ಸೇರಬೇಡಿ, ಸೇರಿದರೆ ಎರಡೂ ಸಾಧನ ಒಂದಕ್ಕೊಂದು ಕೂಗಿಕೊಂಡು ಕಿವಿ ಕಿತ್ತುಹೋಗುತ್ತದೆ. ಧ್ವನಿಗೆ ಝೂಮ್‌ನದೇ ಟೆಸ್ಟ್ ಮೀಟಿಂಗ್ ಇದೆ: ಅದು ನಿಮ್ಮ ಮಾತನ್ನು ಹಿಡಿದು ನಿಮಗೇ ಕೇಳಿಸುತ್ತದೆ.

ಎದುರಿಗೆ ಯಾರೂ ಇಲ್ಲದೆ, ಪರದೆಯ ಮೇಲೆ ಬರುವ ಪ್ರಶ್ನೆಗೆ ಉತ್ತರ ದಾಖಲಿಸುವ ಏಕಮುಖ ಸಂದರ್ಶನ ನಿಮ್ಮ ಪಾಲಿಗೆ ಬಂದಿದ್ದರೆ ಝೂಮ್ ಅರ್ಧ ಮಾತ್ರ ಉಪಯುಕ್ತ. ಅಲ್ಲಿ ಯೋಚಿಸಲು ಒಂದಿಷ್ಟು ಸೆಕೆಂಡು, ಹೇಳಲು ನಿಗದಿತ ನಿಮಿಷ ಎಂದಿರುತ್ತದೆ. ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು ಕಲಸಿ, ಒಂದೊಂದೇ ಎತ್ತಿ, ಫೋನಿನ ಟೈಮರಿನಲ್ಲಿ 30 ಸೆಕೆಂಡು ಯೋಚನೆ, ಎರಡು ನಿಮಿಷ ಉತ್ತರ ಎಂದು ಅಭ್ಯಾಸ ಮಾಡಿದರೆ ಹತ್ತಿರ ಬರುತ್ತದೆ.

ಮಾತಾಡುವಾಗ ಕಣ್ಣು ಸ್ವಂತ ಮುಖದ ಕಡೆಗೇ ಜಾರುತ್ತಿದ್ದರೆ 'ಹೈಡ್ ಸೆಲ್ಫ್ ವ್ಯೂ' ಒತ್ತಿ, ಪರದೆಯ ಮೇಲಿನ ಝೂಮ್ ಕಿಟಕಿಯನ್ನು ಚಿಕ್ಕದು ಮಾಡಿ ಕ್ಯಾಮೆರಾದ ಸರಿಯಾಗಿ ಕೆಳಗೆ ತಂದಿಡಿ. ಹೆಸರಿನ ಜಾಗದಲ್ಲಿ ಮನೆಯವರ ಹೆಸರೋ ಫೋನಿನ ಮಾದರಿಯೋ ಇದ್ದರೆ ತಿದ್ದಿ. ಆ್ಯಪ್ ಹಳೆಯದಾಗಿದ್ದರೆ ಒಳಗೆ ಬಿಡುವ ಮುನ್ನ ಅಪ್‌ಡೇಟ್ ಕೇಳಬಹುದು, ಅದನ್ನು ಹಿಂದಿನ ದಿನವೇ ಮುಗಿಸಿಡಿ.