.22 ರೈಫಲ್‌ಗೆ ಕಡಿಮೆ ಬೆಲೆಯ ಸ್ಕೋಪ್: ನಾಲ್ಕನ್ನು ಕೂರಿಸಿ ನೋಡಿದ ಲೆಕ್ಕ

ನಲವತ್ತೈದು ದಾಟಿ ಚಾಳೀಸು ಬಂದ ಮೇಲೆ ನನ್ನ .22 ರೈಫಲ್‌ನ ತೆರೆದ ಸೈಟುಗಳು ನನಗೆ ಕೈಕೊಟ್ಟವು. ಹಿಂದಿನ ಸೈಟಿನ ಸೀಳು, ಮುಂದಿನ ಸೈಟಿನ ಮೊನೆ, 50 ಮೀಟರ್ ಆಚೆಯ ಕಪ್ಪು ವೃತ್ತ, ಈ ಮೂರನ್ನೂ ಒಂದೇ ಸಲ ಸ್ಪಷ್ಟವಾಗಿ ಕಾಣುವ ಕಣ್ಣು ಯಾರಿಗೂ ಇಲ್ಲ. ಎಳೆಯ ಕಣ್ಣು ಅವುಗಳ ನಡುವೆ ಬೇಗ ಬೇಗ ಓಡಾಡಿ ಕೆಲಸ ಸಾಗಿಸುತ್ತದೆ. ನನ್ನದು ಆ ಓಡಾಟವನ್ನು ನಿಲ್ಲಿಸಿಬಿಟ್ಟಿತ್ತು. ಸ್ಕೋಪ್‌ನಲ್ಲಿ (ರೈಫಲ್ ಮೇಲೆ ಕೂರಿಸುವ ದುರ್ಬೀನಿನಲ್ಲಿ) ಗುರಿ ಹಿಡಿಯುವ ಕೂದಲೆಳೆಯ ಗೆರೆಗಳೂ ಗುರಿಯೂ ಒಂದೇ ಪಾತಳಿಯಲ್ಲಿ ಕಾಣುವುದರಿಂದ ಈ ತೊಂದರೆ ಇರುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಸ್ಕೋಪ್ ಹುಡುಕಲು ಹೊರಟೆ. ಎರಡು ವರ್ಷಗಳಲ್ಲಿ ಮೂರನ್ನು ಕೊಂಡು, ಒಂದನ್ನು ಎರವಲು ತಂದು, ನಾಲ್ಕನ್ನೂ ಅದೇ ರೈಫಲ್ ಮೇಲೆ ಕೂರಿಸಿ ನೋಡಿದ್ದೇನೆ.

ನನ್ನ ಬಳಕೆ ಏನೆಂಬುದನ್ನು ಮೊದಲೇ ಹೇಳಬೇಕು, ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ತಂದೆಯವರ ನಂತರ ಲೈಸೆನ್ಸ್ ಸಮೇತ ನನಗೆ ಬಂದ ಬೋಲ್ಟ್ ಆ್ಯಕ್ಷನ್ ರೈಫಲ್ ಇದು. ನಾನು ಗುಂಡು ಹಾರಿಸುವುದು ಧಾರವಾಡದ ಹತ್ತಿರದ ರೇಂಜಿನಲ್ಲಿ, ಕಾಗದದ ಗುರಿಗೆ, 25 ಮತ್ತು 50 ಮೀಟರ್ ದೂರದಿಂದ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ನಾಡಿನಲ್ಲಿ ಬೇಟೆಯ ಮಾತು ಇಲ್ಲಿ ಬರುವುದಿಲ್ಲ. ಅಂತರರಾಷ್ಟ್ರೀಯ ನಿಯಮದ 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ, ಅಲ್ಲಿ ಸಣ್ಣ ತೂತಿನೊಳಗಿಂದ ನೋಡುವ ಪೀಪ್ ಸೈಟ್ ಬೇಕು. ಆ ದಾರಿಯಲ್ಲಿ ಹೋಗುವ ಹುಡುಗರಿಗೆ ಈ ಬರಹದಿಂದ ಪ್ರಯೋಜನವಿಲ್ಲ.

ಮೊದಲನೆಯದು 4×32, ಎಂದರೆ ನಾಲ್ಕು ಪಟ್ಟು ಹಿಗ್ಗಿಸುವ, 32 ಮಿಲಿಮೀಟರ್ ಮುಂಗಾಜಿನ, ಏನೂ ತಿರುಗಿಸಲಿಲ್ಲದ ಸಾದಾ ಸ್ಕೋಪ್. ಎರಡು ಸಾವಿರದೊಳಗೆ ಸಿಕ್ಕಿತು. ಎರಡನೆಯದು 3-9×40, ಎಂದರೆ ಮೂರರಿಂದ ಒಂಬತ್ತು ಪಟ್ಟಿನವರೆಗೆ ಹಿಗ್ಗಿಸಬಹುದಾದ, ಕೆಂಪು-ಹಸಿರು ಬೆಳಕು ಹೊತ್ತಿಕೊಳ್ಳುವ, ಗೆರೆಗಳ ಮೇಲೆ ಚುಕ್ಕೆಗಳಿರುವ, ಡಬ್ಬಿಯ ಮೇಲೆ ಬಹಳಷ್ಟು ಬರೆದಿರುವ ವಸ್ತು, ನಾಲ್ಕು ಸಾವಿರ. ಮೂರನೆಯದು 3-9×32, ಮುಂಗಾಜಿನ ಸುತ್ತ ದೂರ ಹೊಂದಿಸುವ ಉಂಗುರವಿರುವುದು, ಅಂಗಡಿಯವರು ಇದನ್ನು ‘ಎ.ಓ.’ ಎನ್ನುತ್ತಾರೆ, ಏಳು ಸಾವಿರ. ನಾಲ್ಕನೆಯದು ಗದುಗಿನ ಗೆಳೆಯರೊಬ್ಬರು ಒಂದು ತಿಂಗಳ ಮಟ್ಟಿಗೆ ಕೊಟ್ಟ 2-7×32, ರಿಮ್‌ಫೈರ್‌ಗೆಂದೇ, ಎಂದರೆ .22ರಂಥ ಸಣ್ಣ ಗುಂಡಿನ ರೈಫಲ್‌ಗೆಂದೇ, ಮಾಡಿದ್ದು. ಅದರ ಬೆಲೆ ನನ್ನ ಮೂರನೆಯದರ ಎರಡು ಪಟ್ಟಿಗೂ ಮಿಗಿಲು.

ಎರಡನೆಯದನ್ನು ಕೊಂಡದ್ದು ನನ್ನ ತಪ್ಪು. ಆ ತಪ್ಪಿನಿಂದಲೇ ಹೆಚ್ಚು ಕಲಿತದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯುತ್ತೇನೆ. ದೊಡ್ಡ ಮುಂಗಾಜು, ಹೆಚ್ಚು ಹಿಗ್ಗುವಿಕೆ, ಬೆಳಕಿನ ಗೆರೆ, ಇಷ್ಟು ಕಡಿಮೆ ಬೆಲೆಗೆ ಇಷ್ಟೆಲ್ಲ ಎಂದು ಖುಷಿಯಾಗಿ ರೇಂಜಿಗೆ ಒಯ್ದಾಗ ಕ್ಲಬ್ಬಿನ ಹಿರಿಯರೊಬ್ಬರು ಅದನ್ನು ಒಮ್ಮೆ ನೋಡಿ, ‘ತಮ್ಮಾ, ಗುಂಡು ಇಪ್ಪತ್ತೆರಡರದ್ದು, ದುರ್ಬೀನು ಫಿರಂಗೀದು ಯಾಕ?’ ಎಂದರು. ಆಗ ನಕ್ಕೆ. ಆಮೇಲೆ ರೈಫಲ್ಲನ್ನು ಮರಳು ಚೀಲದ ಮೇಲೆ ಅಲುಗದಂತೆ ಇಟ್ಟು, ಬೋಲ್ಟ್ ತೆರೆದಿಟ್ಟು, ಕಣ್ಣನ್ನು ಮಾತ್ರ ಎಡಕ್ಕೂ ಬಲಕ್ಕೂ ಸರಿಸಿ ನೋಡಿದೆ. 50 ಮೀಟರ್ ಗುರಿಯ ನಟ್ಟನಡುವೆ ಇದ್ದ ಗೆರೆಗಳು ಕಣ್ಣು ಸರಿದಂತೆಲ್ಲ ಹತ್ತರ ವೃತ್ತವನ್ನು ದಾಟಿ ಒಂಬತ್ತರ ಉಂಗುರಕ್ಕೆ ತೆವಳಿಕೊಂಡು ಹೋದವು. ರೈಫಲ್ ಕೂದಲಷ್ಟೂ ಅಲುಗಿರಲಿಲ್ಲ.

ಇದೇ ಪ್ಯಾರಲಾಕ್ಸ್. ಸ್ಕೂಟರಿನ ಪೆಟ್ರೋಲ್ ಮುಳ್ಳು ಓಡಿಸುವವರಿಗೆ ಒಂದು ಗೆರೆ ತೋರಿಸಿದರೆ ಹಿಂದೆ ಕುಳಿತು ಬಗ್ಗಿ ನೋಡುವವರಿಗೆ ಇನ್ನೊಂದು ಗೆರೆ ತೋರಿಸುವುದಿಲ್ಲವೇ, ಅದೇ ಬಗೆ. ಸ್ಕೋಪಿನೊಳಗೆ ಗುರಿಯ ಬಿಂಬವೂ ಗೆರೆಗಳೂ ಒಂದೇ ಪಾತಳಿಯಲ್ಲಿ ಬೀಳುವುದು ಕಾರ್ಖಾನೆಯಲ್ಲಿ ಗೊತ್ತುಮಾಡಿದ ಒಂದು ದೂರಕ್ಕೆ ಮಾತ್ರ. ಆ ದೂರವನ್ನು ಬಿಟ್ಟರೆ ಎರಡರ ನಡುವೆ ಬಿರುಕು ಬೀಳುತ್ತದೆ. ದೊಡ್ಡ ರೈಫಲ್‌ಗಳಿಗೆ ಮಾಡಿದ ಸಾಮಾನ್ಯ ಸ್ಕೋಪ್‌ಗಳನ್ನು 100 ಗಜಕ್ಕೆ, ಎಂದರೆ ಸುಮಾರು 91 ಮೀಟರಿಗೆ, ಹೊಂದಿಸಿರುತ್ತಾರೆ. 40 ಮಿಲಿಮೀಟರ್ ಮುಂಗಾಜಿನ ಅಂಥ ಸ್ಕೋಪ್‌ನಿಂದ 50 ಮೀಟರಿಗೆ ಗುರಿ ಹಿಡಿದಾಗ ಕಣ್ಣು ಪೂರ್ತಿ ಅಂಚಿನಲ್ಲಿದ್ದರೆ ತಪ್ಪು ಹೆಚ್ಚೆಂದರೆ 9 ಮಿಲಿಮೀಟರ್, 25 ಮೀಟರಿಗೆ 14 ಮಿಲಿಮೀಟರಿಗೂ ಮೇಲೆ. ಕೇಳಲು ಸಣ್ಣದೆನಿಸಬಹುದು. ಆದರೆ 50 ಮೀಟರ್ ರೈಫಲ್ ಗುರಿಯ ಹತ್ತರ ವೃತ್ತದ ಅಡ್ಡಗಲವೇ 10.4 ಮಿಲಿಮೀಟರ್, ಅರ್ಧ ಎಂದರೆ 5.2. ರಿಮ್‌ಫೈರ್‌ಗೆಂದು ಮಾಡಿದ ಸ್ಕೋಪ್‌ಗಳಲ್ಲಿ ಈ ದೂರವನ್ನು 50 ಗಜದ ಆಸುಪಾಸಿಗೆ ಇಳಿಸಿರುತ್ತಾರೆ. ವೋರ್ಟೆಕ್ಸ್ ಕಂಪನಿಯ 2-7×32 ರಿಮ್‌ಫೈರ್ ಮಾದರಿಯಲ್ಲಿ ಅದು 50 ಗಜ, ಲ್ಯೂಪೋಲ್ಡ್ ರಿಮ್‌ಫೈರ್ ಮಾದರಿಗಳಲ್ಲಿ 60 ಗಜ. 32 ಮಿಲಿಮೀಟರಿನ, 50 ಗಜಕ್ಕೆ ಹೊಂದಿಸಿದ ಸ್ಕೋಪ್‌ನಲ್ಲಿ 50 ಮೀಟರ್ ದೂರಕ್ಕೆ ಬರುವ ಗರಿಷ್ಠ ತಪ್ಪು ಒಂದೂವರೆ ಮಿಲಿಮೀಟರ್ ಮಾತ್ರ.

ಕಣ್ಣು ಸ್ಕೋಪಿನ ನಡುವಿನಲ್ಲೇ ಇದ್ದರೆ ಈ ತಪ್ಪು ಬರುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಮಾತು ಸರಿಯೇ. ಆದರೆ ನನ್ನ ರೈಫಲ್‌ನಂಥ ಹಳೆಯ .22ಗಳ ಹಿಂದಿನ ಕಟ್ಟಿಗೆಯ ಕುಂದೆಯನ್ನು ತೆರೆದ ಸೈಟಿನ ಎತ್ತರಕ್ಕೆ ಕೆತ್ತಿರುತ್ತಾರೆ. ಸ್ಕೋಪ್ ಏರಿಸಿದ ಮೇಲೆ ಕೆನ್ನೆ ಕುಂದೆಗೆ ಕೂರದೆ ಗದ್ದ ಮಾತ್ರ ತಾಗುತ್ತದೆ, ತಲೆ ಗಾಳಿಯಲ್ಲಿ ತೇಲುತ್ತದೆ. ದೊಡ್ಡ ಮುಂಗಾಜು ನಳಿಗೆಗೆ ತಾಗಬಾರದೆಂದು ಎರಡನೆಯದಕ್ಕೆ ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ರಿಂಗುಗಳಲ್ಲಿ ಎತ್ತರದವನ್ನೇ ಹಾಕಬೇಕಾಯಿತು, ಹೀಗಾಗಿ ತೇಲಾಟ ಇನ್ನೂ ಹೆಚ್ಚಿತು. ಟವೆಲ್ಲನ್ನು ಮಡಚಿ ಕುಂದೆಯ ಮೇಲಿಟ್ಟು ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದ ಮೇಲೆ ಸ್ವಲ್ಪ ಹಿಡಿತ ಸಿಕ್ಕಿತು. ಈ ಏರ್ಪಾಟನ್ನು ನಾನು ನಾಲ್ಕೂ ಸ್ಕೋಪ್‌ಗಳಿಗೆ ಉಳಿಸಿಕೊಂಡೆ. ಹಣ ಖರ್ಚಿಲ್ಲದ ಈ ಉಪಾಯ ಕೊಟ್ಟಷ್ಟು ಲಾಭವನ್ನು ಯಾವ ಕೆಂಪು ಬೆಳಕೂ ಕೊಡಲಿಲ್ಲ.

ಪರೀಕ್ಷೆಯ ಕ್ರಮ ಸರಳವಾಗಿತ್ತು. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದ ಚೀಲದ ಆಸರೆ, ಒಂದೇ ಪೆಟ್ಟಿಗೆಯ 40 ಗ್ರೇನ್ ತೂಕದ, ಸಾಧಾರಣ ವೇಗದ (ಸ್ಟ್ಯಾಂಡರ್ಡ್ ವೆಲಾಸಿಟಿ) ಗುಂಡುಗಳು, ಬೆಳಿಗ್ಗೆ ಗಾಳಿ ಏಳುವ ಮುನ್ನ ಐದೈದು ಗುಂಡಿನ ನಾಲ್ಕು ಗುಂಪು. (ಚೀಲಕ್ಕೆ ಮೊದಲು ಜೋಳ ತುಂಬಿದ್ದೆ, ಚೆನ್ನಾಗಿ ಕೂರುತ್ತಿತ್ತು, ಎರಡು ತಿಂಗಳಲ್ಲಿ ನುಸಿ ಹತ್ತಿ ರೈಫಲ್ ಪೆಟ್ಟಿಗೆಯ ತುಂಬ ಹಿಟ್ಟಾಯಿತು. ಈಗ ಮರಳು.) ಐದು ಗುಂಡುಗಳಲ್ಲಿ ಅತಿ ದೂರದ ಎರಡು ತೂತುಗಳ ನಡುಮಧ್ಯದ ಅಂತರವನ್ನು ಅಳೆದು ಸರಾಸರಿ ತೆಗೆದಾಗ, 50 ಮೀಟರಿನಲ್ಲಿ ಮೊದಲನೆಯದು 30 ಮಿಲಿಮೀಟರ್, ಎರಡನೆಯದು 38, ಮೂರನೆಯದು 22, ನಾಲ್ಕನೆಯದು 21. ನಾಲ್ಕು ಪಟ್ಟು ಮಾತ್ರ ಹಿಗ್ಗಿಸುವ, ಅರ್ಧ ಬೆಲೆಯ ಸ್ಕೋಪ್ ಒಂಬತ್ತು ಪಟ್ಟು ಹಿಗ್ಗಿಸುವುದನ್ನು ಹಿಂದೆ ಹಾಕಿದ್ದನ್ನು ಗಮನಿಸಬೇಕು. ಗುರಿ ದೊಡ್ಡದಾಗಿ ಕಂಡ ಮಾತ್ರಕ್ಕೆ ಗುಂಡು ಅಲ್ಲಿಗೆ ಹೋಗುವುದಿಲ್ಲ.

ಎರಡನೆಯದರ ಇನ್ನೊಂದು ದೋಷ ಟರೆಟ್‌ಗಳದ್ದು, ಎಂದರೆ ಗುರಿಯನ್ನು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಹೊಂದಿಸುವ ತಿರುಪುಗಳದ್ದು. ನಾಲ್ಕೂ ಸ್ಕೋಪ್‌ಗಳಲ್ಲಿ ಒಂದು ಕ್ಲಿಕ್ ಎಂದರೆ ಕಾಲು ಎಂಓಎ ಎಂದು ಬರೆದಿದೆ (ಎಂಓಎ ಎಂದರೆ ಕೋನದ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು). 50 ಮೀಟರಿನಲ್ಲಿ ಅದು ಸುಮಾರು 3.6 ಮಿಲಿಮೀಟರ್ ಆಗಬೇಕು. ನಾನು 50 ಮೀಟರಿಗೆ ಜೀರೋ ಮಾಡಿದ, ಎಂದರೆ ಗುರಿ ಹಿಡಿದಲ್ಲೇ ಗುಂಡು ಬೀಳುವಂತೆ ಹೊಂದಿಸಿದ, ರೈಫಲ್ 25 ಮೀಟರಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ಮೇಲೆ ಹೊಡೆಯುತ್ತದೆ, ಆದ್ದರಿಂದ ದೂರ ಬದಲಿಸಿದಾಗಲೆಲ್ಲ ಆರು ಕ್ಲಿಕ್ ಇಳಿಸಿ ಏರಿಸುವ ಕೆಲಸವಿದೆ, ಟರೆಟ್ ಸುಳ್ಳು ಹೇಳಬಾರದು. ಇದನ್ನು ನೋಡಲು ಹಳೆಯ ಚೌಕದ ಪರೀಕ್ಷೆ ಮಾಡಿದೆ: ಮಧ್ಯಕ್ಕೆ ಗುರಿ ಹಿಡಿದು ಒಂದು ಗುಂಪು, 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ, ಪ್ರತಿ ನಿಲುಗಡೆಯಲ್ಲೂ ಮೂರು ಗುಂಡು. ಪ್ರತಿ ಬದಿ 73 ಮಿಲಿಮೀಟರ್ ಬರಬೇಕು, ಕೊನೆಯ ಗುಂಪು ಮೊದಲಿನದರ ಮೇಲೆಯೇ ಕೂರಬೇಕು. ಮೂರನೆಯ ಮತ್ತು ನಾಲ್ಕನೆಯ ಸ್ಕೋಪ್‌ಗಳು ಎರಡು-ಮೂರು ಮಿಲಿಮೀಟರಿನ ಅಂತರದಲ್ಲಿ ಇದನ್ನು ನಿಭಾಯಿಸಿದವು. ಎರಡನೆಯದು ಮೇಲಕ್ಕೆ 58 ಮಿಲಿಮೀಟರ್ ಹೋಗಿ ನಿಂತಿತು; ಟರೆಟ್ ತಲೆಯ ಮೇಲೆ ಒಂದು ರೂಪಾಯಿಯ ನಾಣ್ಯದಿಂದ ಟಕ್ ಟಕ್ ಎಂದು ಬಡಿದ ಮೇಲೆ ಉಳಿದ ದೂರ ತಾನಾಗಿ ಏರಿತು. ಒಳಗಿನ ಸ್ಪ್ರಿಂಗ್ ಬಿಗಿಯಾಗಿಲ್ಲದಿದ್ದರೆ ಹೀಗೆ ಆಗುತ್ತದೆ: ತಿರುಗಿಸಿದಾಗ ಒಳಕೊಳವೆ ಅಂಟಿಕೊಂಡು ಕೂತು, ಮುಂದಿನ ಗುಂಡಿನ ಅದುರಿಗೆ ಬಿಡಿಸಿಕೊಳ್ಳುತ್ತದೆ. .22ಕ್ಕೆ ಅದುರು ಬಹಳ ಕಡಿಮೆಯಾದ್ದರಿಂದ ಬಿಡಿಸಿಕೊಳ್ಳಲು ಒಂದಲ್ಲ, ಮೂರು-ನಾಲ್ಕು ಗುಂಡು ಹಿಡಿಯುತ್ತದೆ, ಅಷ್ಟರಲ್ಲಿ ನಾವು ಇನ್ನೆರಡು ಕ್ಲಿಕ್ ತಿರುಗಿಸಿ ಗೊಂದಲವನ್ನು ಇಮ್ಮಡಿ ಮಾಡಿಕೊಂಡಿರುತ್ತೇವೆ. ಮೊದಲನೆಯ ಸ್ಕೋಪ್‌ನಲ್ಲಿಯೂ ಈ ಹಟಮಾರಿತನ ಸ್ವಲ್ಪ ಇದೆ, ಆದರೆ ಅದನ್ನು ಒಮ್ಮೆ ಜೀರೋ ಮಾಡಿ ಟೋಪಿ ಮುಚ್ಚಿ ಮರೆತರೆ ತೊಂದರೆಯಿಲ್ಲ.

2024ರ ಲೋಕಸಭಾ ಚುನಾವಣೆಗೆ ಎಂದಿನಂತೆ ರೈಫಲ್ಲನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಯಿತು. ಸ್ಕೋಪನ್ನು ರಿಂಗುಗಳ ಸಮೇತ ಬಿಚ್ಚಿ ಮನೆಯಲ್ಲಿಟ್ಟು, ರೈಫಲ್ ಮರಳಿ ಬಂದ ಮೇಲೆ ರಿಂಗುಗಳು ಕಚ್ಚಿಕೊಳ್ಳುವ ಅದೇ ಗಾಡಿಗೆರೆಯಲ್ಲಿ (ಡವ್‌ಟೇಲ್) ಕೂರಿಸಿದೆ. ರಿಸೀವರ್ ಮೇಲೆ 11 ಮಿಲಿಮೀಟರಿನ ಗಾಡಿಗೆರೆ ಇರುವ ರೈಫಲ್ ಇದು. ಕೊಳ್ಳುವಾಗ ರಿಂಗುಗಳು ಅದಕ್ಕೆ ಹೊಂದುವಂಥವೇ ಎಂದು ನೋಡಿಕೊಳ್ಳಬೇಕು, 21 ಮಿಲಿಮೀಟರಿನ ಪಟ್ಟಿಗೆ ಮಾಡಿದವು ಇದರ ಮೇಲೆ ಕೂರುವುದಿಲ್ಲ. ಮೂರನೆಯ ಸ್ಕೋಪ್ ಎರಡು ಕ್ಲಿಕ್ಕಿನಷ್ಟು ಎಡಕ್ಕೆ ಸರಿದಿತ್ತು, ಅಷ್ಟೆ.

ಠೇವಣಿಯಿಂದ ಬಂದದ್ದು ಜೂನ್ ತಿಂಗಳು, ಧಾರವಾಡದಲ್ಲಿ ಜಿಟಿಜಿಟಿ ಮಳೆ ಶುರುವಾಗಿತ್ತು. ಕಾರಿನ ಎ.ಸಿ.ಯಿಂದ ಹೊರಗೆ ತೆಗೆದ ಕೂಡಲೇ ಯಾವ ಸ್ಕೋಪ್‌ನ ಗಾಜಿನ ಮೇಲೂ ಮಂಜು ಕೂರುತ್ತದೆ, ಅದು ಹೊರಗಿನದು, ಒರೆಸಿದರೆ ಹೋಗುತ್ತದೆ. ಎರಡನೆಯದರಲ್ಲಿ ಒಳಗೂ ಕೂತಿತು, ಮೂರು ದಿನ ಹೋಗಲಿಲ್ಲ. ಸಾರಜನಕ ತುಂಬಿ ಮುಚ್ಚಲಾಗಿದೆ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು.

ಮೂರನೆಯದಕ್ಕೂ ಕುಂದುಗಳಿವೆ. ಮುಂಗಾಜಿನ ಉಂಗುರ ಬಿಗಿ, ಚಳಿಗಾಲದ ಬೆಳಿಗ್ಗೆ ಇನ್ನೂ ಬಿಗಿ. ಮಲಗಿ ಗುರಿ ಹಿಡಿದಾಗ ಕೈ ಅಷ್ಟು ಮುಂದಕ್ಕೆ ಚಾಚದೆ ಎದ್ದು ತಿರುಗಿಸಬೇಕು. ಉಂಗುರದ ಮೇಲಿನ ಅಂಕಿಗಳನ್ನು ನಂಬಬಾರದು: ನನ್ನ ಸ್ಕೋಪ್‌ನಲ್ಲಿ ಟೇಪಿನಿಂದ ಅಳೆದ 50 ಮೀಟರಿಗೆ ಗೆರೆ ತೆವಳುವುದು ನಿಲ್ಲುವುದು 50 ಎಂದು ಬರೆದಲ್ಲಿ ಅಲ್ಲ, ಅದಕ್ಕಿಂತ ಅರ್ಧ ಬೆರಳು ಆಚೆ. ಅಲ್ಲೊಂದು ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಂಡಿದ್ದೇನೆ, 25ಕ್ಕೆ ಇನ್ನೊಂದು. ಒಂಬತ್ತು ಪಟ್ಟಿಗೆ ಹಿಗ್ಗಿಸಿದಾಗ ಅಂಚುಗಳು ಮಸುಕಾಗುತ್ತವೆ, ಏಳರಲ್ಲಿ ಚೊಕ್ಕಟವಾಗಿ ಕಾಣುತ್ತದೆ, ಆದ್ದರಿಂದ ಏಳನ್ನು ದಾಟುವುದೇ ಇಲ್ಲ. 5.6 ಮಿಲಿಮೀಟರಿನ ತೂತು 50 ಮೀಟರಿನಿಂದ ಬಿಳಿ ಕಾಗದದ ಮೇಲೆ ಏಳು ಪಟ್ಟಿನಲ್ಲಿ ಕಾಣುತ್ತದೆ. ಕಪ್ಪಿನ ಮೇಲೆ ಒಳ್ಳೆಯ ಬಿಸಿಲಿರಬೇಕು. ನಾಲ್ಕು ಪಟ್ಟಿನ ಮೊದಲನೆಯದರಲ್ಲಿ ಎದ್ದು ಹೋಗಿ ನೋಡಬೇಕು.

ದೊಡ್ಡ ಮುಂಗಾಜಿನಿಂದ ಬೆಳಕು ಹೆಚ್ಚು ಎಂಬ ಮಾತಿಗೂ ನನ್ನ ಬಳಕೆಯಲ್ಲಿ ಅರ್ಥವಿಲ್ಲ. ಮುಂಗಾಜಿನ ಅಗಲವನ್ನು ಹಿಗ್ಗುವಿಕೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ: 40ನ್ನು 9ರಿಂದ ಭಾಗಿಸಿದರೆ 4.4 ಮಿಲಿಮೀಟರ್, 32ನ್ನು 7ರಿಂದ ಭಾಗಿಸಿದರೆ 4.6, 32ನ್ನು 4ರಿಂದ ಭಾಗಿಸಿದರೆ 8. ನಮ್ಮ ಕಡೆಯ ಬಿಸಿಲಿನಲ್ಲಿ ಕಣ್ಣಿನ ಪಾಪೆ ಎರಡು-ಮೂರು ಮಿಲಿಮೀಟರಿಗೆ ಕಿರಿದಾಗಿರುತ್ತದೆ, ಮಿಕ್ಕ ಬೆಳಕು ಹುಬ್ಬಿನ ಮೇಲೆ ಬಿದ್ದು ಹೋಗುತ್ತದೆ. ರೇಂಜ್ ಹೊತ್ತು ಮುಳುಗುವ ಮುನ್ನವೇ ಮುಚ್ಚುತ್ತದೆ.

ನಾಲ್ಕನೆಯದರ ಬಗ್ಗೆ ಹೇಳಲು ಹೆಚ್ಚಿಲ್ಲ, ಏಕೆಂದರೆ ಅದರಲ್ಲಿ ದೂರಲು ಏನೂ ಸಿಗಲಿಲ್ಲ. ಹಗುರ, ಗಾಜು ಎಲ್ಲಕ್ಕಿಂತ ತಿಳಿ, 50 ಗಜಕ್ಕೆ ಹೊಂದಿಸಿದ್ದರಿಂದ ತಿರುಗಿಸುವ ಉಂಗುರದ ಗೋಜಿಲ್ಲ. 25 ಮೀಟರಿನಲ್ಲಿ ಮಾತ್ರ ಕಣ್ಣು ಅಂಚಿಗೆ ಹೋದರೆ ಗೆರೆ ಏಳು ಮಿಲಿಮೀಟರ್‌ವರೆಗೆ ಸರಿಯಬಹುದು, ಅಲ್ಲಿ ನನ್ನ ಮೂರನೆಯದೇ ಮೇಲು. ಗುಂಪಿನಲ್ಲಿ ಒಂದು ಮಿಲಿಮೀಟರಿನ ಲಾಭಕ್ಕೆ ಎರಡು ಪಟ್ಟು ಹಣ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. 50 ಮೀಟರ್ ಬಿಟ್ಟು ಬೇರೆ ದೂರಕ್ಕೆ ಹೋಗದವರು, ಹತ್ತು ವರ್ಷ ಅದನ್ನೇ ಬಳಸುವವರು, ಇದನ್ನೇ ಕೊಳ್ಳಲಿ.

ಹಾವೇರಿಯ ಭಾವನವರು ತಮ್ಮ .177 ಸ್ಪ್ರಿಂಗ್ ಗಾಳಿಬಂದೂಕಿಗೆ ಇವುಗಳಲ್ಲಿ ಒಂದನ್ನು ಕೊಡೆಂದು ಕೇಳಿದ್ದರು, ಕೊಡಲಿಲ್ಲ. ಸ್ಪ್ರಿಂಗ್ ಬಂದೂಕು ಮೊದಲು ಹಿಂದಕ್ಕೂ ಆಮೇಲೆ ಮುಂದಕ್ಕೂ ಒದೆಯುತ್ತದೆ. ಹಿಂದಿನ ಒದೆತಕ್ಕೆ ಮಾತ್ರ ಕಟ್ಟಿದ ಸ್ಕೋಪ್‌ನ ಗೆರೆಗಳು ಆ ಮುಂದಿನ ಒದೆತಕ್ಕೆ ಕಳಚಿ ಬೀಳುತ್ತವೆ. ಸ್ಪ್ರಿಂಗ್ ಬಂದೂಕಿಗೆಂದೇ ಬರೆದಿರುವುದನ್ನು ಕೊಳ್ಳಿರೆಂದು ಹೇಳಿ ಕಳಿಸಿದೆ.

ಈಗ ಮೂರನೆಯದು ರೈಫಲ್ ಮೇಲಿದೆ. ಮೊದಲನೆಯದನ್ನು ಕ್ಲಬ್ಬಿಗೆ ಹೊಸದಾಗಿ ಸೇರಿದವರ ಕಲಿಕೆಯ ರೈಫಲ್ಲಿಗೆ ಕೊಟ್ಟಿದ್ದೇನೆ. ನಾಲ್ಕು ಪಟ್ಟಿನಲ್ಲಿ ಗುರಿ ಅಷ್ಟಾಗಿ ಕುಣಿಯುವುದಿಲ್ಲವಾದ್ದರಿಂದ ಅವರು ಗಾಬರಿಯಾಗದೆ ಟ್ರಿಗರ್ ಒತ್ತುತ್ತಾರೆ. ಎರಡನೆಯದನ್ನು ಫೋಟೋ ತೆಗೆಯುವ ಹಳೆಯ ಮುಕ್ಕಾಲಿಗೆ ಕಟ್ಟಿ ಬೆಂಚಿನ ಪಕ್ಕ ನಿಲ್ಲಿಸಿದ್ದೇನೆ. ಕಾಗದದ ತೂತು ಎಣಿಸುವುದಕ್ಕೆ ಅದು ಸಾಕು, ಅಲ್ಲಿ ಗೆರೆ ಎತ್ತ ತೆವಳಿದರೂ ನಡೆಯುತ್ತದೆ; ಆ ಹಿರಿಯರೂ ತಮ್ಮ ಗುಂಪು ನೋಡಲು ಅದಕ್ಕೇ ಬಂದು ಕಣ್ಣು ಹಚ್ಚುತ್ತಾರೆ.